ಭೂಶಾಖ ಶಕ್ತಿ: ತಡಸ ಹಾಗೂ ಸುತ್ತಲಿನ ಗ್ರಾಮಸ್ಥರಿಗೆ ಮಾಹಿತಿ

ಭೂಮಿಯ ಒಡಲಿನಲ್ಲಿರುವ ಸ್ವಾಭಾವಿಕ ಶಾಖವನ್ನು ವಿದ್ಯುತ್ ಉತ್ಪಾದನೆ, ನೀರು ಕಾಯಿಸುವುದು ಮುಂತಾದ ಕಾರ್ಯಗಳಿಗೆ ಬಳಸುವುದನ್ನು ಭೂಶಾಖ ಶಕ್ತಿ ಎನ್ನಲಾಗುತ್ತದೆ. ಕೇಂದ್ರ ಸರ್ಕಾರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2025ರ ಸೆಪ್ಟೆಂಬರ್‌ನಲ್ಲಿ ಈ ಕುರಿತು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದೆ. ಶಿಗ್ಗಾಂವ ತಾಲೂಕಿನ ತಡಸ ಭಾಗದ ಸಾರ್ವಜನಿಕರು ತಮ್ಮ ನೆಲದ ಸ್ಥಿತಿಯನ್ನು ಅರಿತು ನಿರ್ಧಾರ ಕೈಗೊಳ್ಳಲು ಈ ಕೆಳಗಿನ ವಿವರಗಳು ನೆರವಾಗುತ್ತವೆ.

ಈ ಭಾಗದ ನೆಲದ ಸ್ವರೂಪ

ತಡಸ ಪ್ರದೇಶವು 250 ಕೋಟಿ ವರ್ಷಕ್ಕೂ ಹಳೆಯದಾದ ಧಾರವಾಡ ಶಿಲಾಸಮೂಹದ ಮೇಲಿದೆ. ಇಂತಹ ಪುರಾತನ ಶಿಲೆಗಳಲ್ಲಿ ಆಳಕ್ಕೆ ಹೋದಂತೆ ಉಷ್ಣಾಂಶವು ನಿಧಾನವಾಗಿ ಏರುತ್ತದೆ. 2001ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಯು ಇದಕ್ಕೆ ನಿದರ್ಶನವಾಗಿದೆ. ಅಲ್ಲಿ ಸುಮಾರು 3,000 ಮೀಟರ್ ಆಳದಲ್ಲಿಯೂ ಬಂಡೆಯ ಉಷ್ಣಾಂಶ ಸುಮಾರು 65 ಡಿಗ್ರಿ ಸೆಲ್ಸಿಯಸ್ ಇತ್ತು. ಈ ಲೆಕ್ಕದಲ್ಲಿ 300 ಮೀಟರ್ ಆಳದ ಕೊಳವೆಬಾವಿಯಲ್ಲಿ ದೊರೆಯುವ ಹೆಚ್ಚುವರಿ ಶಾಖವು ನಾಲ್ಕೈದು ಡಿಗ್ರಿಯಷ್ಟು ಮಾತ್ರ. ವಿದ್ಯುತ್ ಉತ್ಪಾದನೆಗಾದರೋ ಸಾಮಾನ್ಯವಾಗಿ 100 ಡಿಗ್ರಿಗೂ ಮೇಲ್ಪಟ್ಟ ಬಿಸಿನೀರು ಅಥವಾ ಹಬೆ ಬೇಕಾಗುತ್ತದೆ.

ಚಳಿಗಾಲದ ಮುಂಜಾನೆ ಬಾವಿಯ ನೀರು ಬೆಚ್ಚಗಿರುವುದು ಬಿಸಿನೀರಿನ ಸೆಲೆಯ ಗುರುತಲ್ಲ. ನೆಲದೊಳಗಿನ ಉಷ್ಣಾಂಶವು ವರ್ಷವಿಡೀ ಬಹುತೇಕ ಒಂದೇ ಸಮನಾಗಿದ್ದು, ಹೊರಗಿನ ಗಾಳಿ ತಂಪಾದಾಗ ನೀರು ಬೆಚ್ಚಗೆನಿಸುತ್ತದೆ. ರಾಜ್ಯದಲ್ಲಿ ಬಿಸಿನೀರಿನ ಬುಗ್ಗೆಯೆಂದು ಹೆಸರಾದದ್ದು ಪುತ್ತೂರು ತಾಲೂಕಿನ ಬೆಂದ್ರುತೀರ್ಥ. ಅದರ ನೀರು ಸಹ ಸ್ನಾನಕ್ಕೆ ಹಿತವಾಗುವಷ್ಟೇ ಬೆಚ್ಚಗಿದೆ.

ಗ್ರಾಮಸ್ಥರ ಪಾಲ್ಗೊಳ್ಳುವಿಕೆ

ಲಡಾಖಿನ ಪುಗಾ ಕಣಿವೆಯಲ್ಲಿ ಭೂಶಾಖ ಯೋಜನೆಗಾಗಿ 2021ರಲ್ಲಿ ಒಪ್ಪಂದವಾಯಿತು. 2022ರ ಆಗಸ್ಟ್‌ನಲ್ಲಿ ಕೊರೆಯುವಾಗ ಹೊರಬಂದ ದ್ರವವು ಸಮೀಪದ ಹೊಳೆಗೆ ಸೇರಿದ್ದು ವರದಿಯಾಗಿ, ಸ್ಥಳೀಯರಲ್ಲಿ ಆತಂಕ ಮೂಡಿತು. ಕೊರೆತದಿಂದ ಕುಡಿಯುವ ನೀರು, ಮೇವು ಮತ್ತು ಜಮೀನಿಗೆ ಆಗಬಹುದಾದ ಪರಿಣಾಮವನ್ನು ಅನುಭವಿಸುವವರು ಸ್ಥಳೀಯರೇ ಆದ್ದರಿಂದ, ಕಾಮಗಾರಿಗೆ ಮೊದಲೇ ಅವರಿಗೆ ವಿಷಯ ತಿಳಿದಿರುವುದು ಅಗತ್ಯ. ಇದಕ್ಕಾಗಿ ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು:

1. ಶಾಲಾ ವಿದ್ಯಾರ್ಥಿಗಳು ಶಿಕ್ಷಕರ ಮಾರ್ಗದರ್ಶನದಲ್ಲಿ, ಪಂಪು ಚಾಲೂ ಮಾಡಿ ಕೆಲಕಾಲ ಬಿಟ್ಟ ನಂತರ ಬರುವ ನೀರಿನ ಉಷ್ಣಾಂಶವನ್ನು ತಿಂಗಳಿಗೊಮ್ಮೆ ಅಳೆದು, ಬಾವಿಯ ಆಳದೊಂದಿಗೆ ದಾಖಲಿಸುವುದು. ಈ ದಾಖಲೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು.

2. ಯಾವುದೇ ಯೋಜನೆಯ ಪ್ರಸ್ತಾವ ಬಂದಲ್ಲಿ, ಕೊರೆಯುವ ಆಳ, ಹೊರಬರುವ ನೀರಿನ ವಿಲೇವಾರಿ ಹಾಗೂ ನಷ್ಟ ಪರಿಹಾರದ ಹೊಣೆ ಕುರಿತು ಗ್ರಾಮಸಭೆಯಲ್ಲಿ ಪ್ರಶ್ನಿಸಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರುವುದು.

3. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಸಲ್ಲಿಸುವುದು. ಉತ್ತರ ನೀಡಲು ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರು ಶುಲ್ಕ ಪಾವತಿಸಬೇಕಾಗಿಲ್ಲ.

ಅರ್ಜಿದಾರರ ಗಮನಕ್ಕೆ

ಮನೆಯ ಕೊಳವೆಬಾವಿಯಿಂದ ವಿದ್ಯುತ್ ದೊರಕಿಸಿಕೊಡುವುದಾಗಿ ಯಾರಾದರೂ ಮುಂಗಡ ಹಣ ಕೇಳಿದಲ್ಲಿ ನೀಡಬಾರದು. ಸರ್ವೋಚ್ಚ ನ್ಯಾಯಾಲಯದ 2010ರ ನಿರ್ದೇಶನದಂತೆ, ಕೊಳವೆಬಾವಿ ಕೊರೆಸುವ 15 ದಿನ ಮುಂಚಿತವಾಗಿ ಭೂಮಾಲೀಕರು ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ನಿರುಪಯುಕ್ತ ಕೊಳವೆಬಾವಿಯನ್ನು ನೆಲಮಟ್ಟದವರೆಗೆ ಮುಚ್ಚತಕ್ಕದ್ದು.

ಮನೆಯ ಬಿಸಿನೀರು, ಅಡುಗೆ ಮತ್ತು ಬೆಳಕಿಗೆ ಈ ಭಾಗದಲ್ಲಿ ಸೌರ ಜಲತಾಪಕ, ಗೋಬರ್ ಗ್ಯಾಸ್ ಹಾಗೂ ಮೇಲ್ಛಾವಣಿ ಸೌರ ಘಟಕಗಳು ಹೆಚ್ಚು ಸೂಕ್ತವಾಗಿವೆ. ಮೇಲ್ಛಾವಣಿ ಸೌರ ಘಟಕಕ್ಕೆ ಸಂಬಂಧಿಸಿದ ವಿವರಗಳಿಗಾಗಿ ಸಮೀಪದ ಹೆಸ್ಕಾಂ ಕಚೇರಿಯನ್ನು ಸಂಪರ್ಕಿಸಬಹುದು.