ಅಳತೆ ಮೀರಿದ ನೊರೆ

ಶ್ರಾವಕರ ಮನೆಯಲ್ಲಿ ದಿನದ ಮೊದಲ ಕೆಲಸಗಳಲ್ಲೊಂದು ನೀರು ಸೋಸುವುದು. ದಪ್ಪ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ನಿಧಾನವಾಗಿ ನೀರೆರೆಯುತ್ತಾರೆ. ಸೋಸಿದ ನೀರಿಗೂ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ ಅವಧಿಯುಂಟು. ಅದು ಕಳೆದರೆ ಮತ್ತೆ ಸೋಸಬೇಕು. ಬಾವಿಯ ನೀರಾದರೆ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮೆಲ್ಲನೆ ಮರಳಿಸುವುದು ಹಿರಿಯರು ಪಾಲಿಸಿಕೊಂಡು ಬಂದ ಕ್ರಮ. ಕಣ್ಣಿಗೆ ಕಾಣದ ಜೀವವೂ ತನ್ನ ನೆಲೆಯನ್ನು ಕಳೆದುಕೊಳ್ಳಬಾರದೆಂಬ ಎಚ್ಚರ ಇದರ ಹಿಂದಿದೆ.

ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಬಟ್ಟೆ ತುಂಬಿದ ಮೇಲೆ ಡಿಟರ್ಜೆಂಟನ್ನು ಕೈಯಂದಾಜಿನಲ್ಲಿ ಸುರಿಯಲಾಗುತ್ತದೆ. ಸಾಲದೇನೋ ಎಂಬ ಅನುಮಾನಕ್ಕೆ ಮೇಲೊಂದು ಚಮಚ ಬೀಳುತ್ತದೆ. ಒಳಬರುವ ನೀರಿಗೆ ಇರುವ ಎಚ್ಚರ ಹೊರಹೋಗುವ ನೀರಿಗೆ ಏಕಿಲ್ಲ? ಬಾವಿಯ ಜೀವಿಗಳಿಗೆ ಸಲ್ಲುವ ಕರುಣೆ ಕೆರೆಯ ಜೀವಿಗಳಿಗೆ ಏಕೆ ಸಲ್ಲಬಾರದು?

ಗೃಹಸ್ಥನು ಹಿಂಸೆಯಿಂದ ಸಂಪೂರ್ಣ ಮುಕ್ತನಾಗಿರಲಾರನೆಂಬುದನ್ನು ಜೈನ ಆಚಾರಶಾಸ್ತ್ರ ಬಲ್ಲದು. ಅಡುಗೆ ಮಾಡುವುದು, ಮನೆ ಗುಡಿಸುವುದು, ಬಟ್ಟೆ ಒಗೆಯುವುದು ಇವುಗಳಲ್ಲಿ ಆಗುವ ಹಿಂಸೆಯನ್ನು ಆರಂಭೀ ಹಿಂಸೆ ಎನ್ನುತ್ತಾರೆ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಅಣುವ್ರತಿ ತೊರೆಯುತ್ತಾನೆ. ಆರಂಭೀ ಹಿಂಸೆಯನ್ನು ಕೈಲಾದಷ್ಟು ತಗ್ಗಿಸುತ್ತಾನೆ. ಆದರೆ ಅಗತ್ಯದ ಗೆರೆಯನ್ನು ದಾಟಿದೊಡನೆ ಅದೇ ಕ್ರಿಯೆಗೆ ಬೇರೆ ಹೆಸರು ಬರುತ್ತದೆ. ಅದು ಅನರ್ಥದಂಡ.

ಇಲ್ಲಿ ಅರ್ಥವೆಂದರೆ ಪ್ರಯೋಜನ. ಪ್ರಯೋಜನವಿಲ್ಲದೆ ಮನ, ವಚನ, ಕಾಯಗಳಿಂದ ಜೀವಿಗಳಿಗೆ ನೋವುಂಟುಮಾಡುವುದೇ ಅನರ್ಥದಂಡ. ಇದರಿಂದ ವಿರತನಾಗುವುದು ಶ್ರಾವಕನ ಗುಣವ್ರತಗಳಲ್ಲಿ ಒಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಒಂದು: ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕತ್ತರಿಸುವುದು. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಹೇಳುವಾಗ, ಉಪಭೋಗ ಪರಿಭೋಗದ ವಸ್ತುಗಳನ್ನು ಅಗತ್ಯಕ್ಕಿಂತ ಹೆಚ್ಚು ಕೂಡಿಸುವುದನ್ನೂ ಸೇರಿಸುತ್ತದೆ. ಬಟ್ಟೆಯ ಕೊಳೆಗೆ ಬೇಕಾದಷ್ಟು ಡಿಟರ್ಜೆಂಟ್ ಬಳಕೆ ಆರಂಭದ ವ್ಯಾಪ್ತಿಯಲ್ಲಿದ್ದರೆ, ಅನುಮಾನಕ್ಕೆ ಬಿದ್ದ ಆ ಮೇಲಿನ ಚಮಚ ಅನರ್ಥದಂಡದ ಕಡೆಗೆ ವಾಲುತ್ತದೆ. ಹಣ ದಂಡವಾಯಿತು ಎಂದು ಮನೆಮಾತಿನಲ್ಲಿ ಹೇಳುತ್ತೇವೆ. ಇಲ್ಲಿ ದಂಡವಾಗುವುದು ಹಣವೊಂದೇ ಅಲ್ಲ.

ನೊರೆ ಹೆಚ್ಚಾದಷ್ಟೂ ಬಟ್ಟೆ ಶುಭ್ರವಾಗುತ್ತದೆಂಬುದು ಬಹುಕಾಲದ ನಂಬಿಕೆ. ವಸ್ತುಸ್ಥಿತಿ ಹಾಗಿಲ್ಲ. ಡಿಟರ್ಜೆಂಟಿನ ಕಣಕ್ಕೆ ಎರಡು ತುದಿಗಳು. ಒಂದು ನೀರಿಗೆ ಒಲಿದರೆ ಇನ್ನೊಂದು ಜಿಡ್ಡಿಗೆ ಅಂಟುತ್ತದೆ. ಹೀಗೆ ಜಿಡ್ಡನ್ನು ಸಡಿಲಿಸಿ ನೀರಿನೊಡನೆ ಸಾಗಿಸುವುದು ಅದರ ಕೆಲಸ. ನೊರೆ ಆ ಕೆಲಸದ ಅಳತೆಗೋಲಲ್ಲ. ಕಡಿಮೆ ನೀರಿನಲ್ಲಿ ಬಟ್ಟೆಗಳನ್ನು ಎತ್ತಿ ಬೀಳಿಸಿ ಒಗೆಯುವ ಫ್ರಂಟ್ ಲೋಡ್ ಯಂತ್ರದಲ್ಲಿ ನೊರೆ ಅತಿಯಾದರೆ ಅದು ಮೆತ್ತೆಯಂತಾಗಿ ಬಟ್ಟೆಗಳ ಪರಸ್ಪರ ಉಜ್ಜಾಟವನ್ನೇ ತಡೆಯುತ್ತದೆ. ಜಾಲಿಸಿದ ಮೇಲೂ ಡಿಟರ್ಜೆಂಟಿನ ಅಂಶ ನೂಲಿನಲ್ಲಿ ಉಳಿದು ಬಟ್ಟೆ ಒರಟಾಗುತ್ತದೆ, ಹೊಸ ಕೊಳೆ ಬೇಗ ಹಿಡಿಯುತ್ತದೆ. ಅದನ್ನು ಹೋಗಲಾಡಿಸಲು ಮತ್ತೊಮ್ಮೆ ನೀರು ಬೇಕಾಗುತ್ತದೆ.

ಆ ನೀರು ಮುಂದೆಲ್ಲಿಗೆ ಹೋಗುತ್ತದೆಂಬುದನ್ನು ತಿಳಿಯಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಿದ್ದುದನ್ನು, 2015ರಲ್ಲಿ ಆ ನೊರೆಗೇ ಬೆಂಕಿ ತಗುಲಿದುದನ್ನು ನಾಡೇ ನೋಡಿದೆ. ಶುದ್ಧೀಕರಣವಾಗದೆ ಹರಿದ ಕೊಳಚೆ ನೀರಿನೊಡನೆ ಮನೆಮನೆಯ ಡಿಟರ್ಜೆಂಟೂ ಅಲ್ಲಿ ಸೇರಿತ್ತು. ಬೆಳ್ಳಂದೂರಿನಿಂದ ಹೊರಟ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸಾಗುತ್ತದೆ. ಡಿಟರ್ಜೆಂಟಿನಲ್ಲಿ ಫಾಸ್ಫೇಟ್ ಇದ್ದರೆ ಅದು ಪಾಚಿಗೂ ಜಲಕಳೆಗೂ ಗೊಬ್ಬರವಾಗುತ್ತದೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಉಸಿರುಗಟ್ಟುತ್ತವೆ. ನೀರಿನ ಮೇಲ್ಪದರದ ಬಿಗಿ ಸಡಿಲವಾದಾಗ ಅದರ ಮೇಲೆ ನಡೆದಾಡುವ ಪುಟ್ಟ ಕೀಟಗಳು ಮುಳುಗುತ್ತವೆ. ಈ ದೋಷದಲ್ಲಿ ನಗರವ್ಯವಸ್ಥೆಯ ಪಾಲು ದೊಡ್ಡದು, ನಿಜ. ಹಾಗೆಂದು ಮನೆಯ ಪಾಲು ಸೊನ್ನೆಯಾಗುವುದಿಲ್ಲ.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ತ್ಯಜಿಸುವ ಮುನ್ನ ಆ ನೆಲದಲ್ಲಿ ಜೀವಿಗಳಿಲ್ಲವೆಂದು ನೋಡಿ ಖಚಿತಪಡಿಸಿಕೊಳ್ಳಬೇಕೆಂಬುದು ಅದರ ನಿಯಮ. ಸ್ವೀಕರಿಸುವಾಗಿನ ಎಚ್ಚರ ಎಷ್ಟು ಮುಖ್ಯವೋ ವಿಸರ್ಜಿಸುವಾಗಿನ ಎಚ್ಚರವೂ ಅಷ್ಟೇ ಮುಖ್ಯವೆಂಬ ಈ ತತ್ತ್ವ ಗೃಹಸ್ಥನಿಗೂ ದಾರಿದೀಪ. ದಿಗಂಬರ ಮುನಿಗಳಿಗೆ ಒಗೆಯಲು ವಸ್ತ್ರವೇ ಇಲ್ಲ. ವಸ್ತ್ರವುಳ್ಳವನಿಗೆ ಅದರೊಡನೆ ಹೊಣೆಯೂ ಉಂಟು.

ಹಾಗಾದರೆ ಡಿಟರ್ಜೆಂಟನ್ನು ತೀರ ಕಡಿಮೆ ಹಾಕುವುದೇ ಧರ್ಮವೇ? ಅದೂ ಅಲ್ಲ. ಸಾಲದೆ ಹೋದರೆ ಮೈಜಿಡ್ಡು ಉಳಿದು ಬಟ್ಟೆ ವಾಸನೆ ಹಿಡಿಯುತ್ತದೆ; ಮತ್ತೆ ಒಗೆಯಬೇಕಾಗಿ ಎರಡು ಪಟ್ಟು ನೀರು ಹೋಗುತ್ತದೆ. ಸಮ್ಯಕ್ ಎಂದರೆ ಕನಿಷ್ಠವಲ್ಲ, ಸರಿಯಾದುದು. ಸರಿಯಾದುದನ್ನು ತಿಳಿಯಲು ಗಮನ ಬೇಕು. ಪೊಟ್ಟಣದ ಮೇಲಿನ ಸೂಚನೆಯನ್ನೂ ಮುಚ್ಚಳದೊಳಗಿನ ಗೆರೆಯನ್ನೂ ನೋಡಬೇಕು. ಗಡಸು ಬೋರ್‌ವೆಲ್ ನೀರಿಗೆ ತುಸು ಹೆಚ್ಚು, ಮೆದು ನೀರಿಗೆ ಕಡಿಮೆ; ಬಟ್ಟೆ ಅರ್ಧವಿದ್ದರೆ ಡಿಟರ್ಜೆಂಟೂ ಅದಕ್ಕೆ ತಕ್ಕಂತೆ ಇಳಿಯಬೇಕು. ಕಾಲರಿನ ಒಂದು ಕಲೆಗಾಗಿ ಇಡೀ ತೊಟ್ಟಿಗೆ ಹೆಚ್ಚು ಸುರಿಯುವ ಬದಲು ಅಲ್ಲಿಗಷ್ಟೇ ಹಚ್ಚಿ ಉಜ್ಜಿದರೆ ಸಾಕು. ಒಗೆದು ಒಣಗಿದ ಟವೆಲೊಂದನ್ನು ಬರಿಯ ನೀರಿನ ಬಕೆಟ್ಟಿನಲ್ಲಿ ಅದ್ದಿ ಕಲಕಿದಾಗ ನೊರೆ ಎದ್ದರೆ, ಕಳೆದ ಸಲ ಹಾಕಿದ್ದು ಹೆಚ್ಚಾಗಿತ್ತೆಂದೇ ತಿಳಿಯಬೇಕು. ಆ ನೀರು ನೆಲ ಒರೆಸಲು ಒದಗುತ್ತದೆ.

ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ ಬಟ್ಟೆಯ ದೃಷ್ಟಾಂತ ಕೊಡುತ್ತಾರೆ. ಕೊಳೆ ಕವಿದಾಗ ಬಟ್ಟೆಯ ಬಿಳುಪು ಮರೆಯಾಗುವಂತೆ, ಮಿಥ್ಯಾತ್ವ, ಅಜ್ಞಾನ, ಕಷಾಯಗಳು ಕವಿದಾಗ ಆತ್ಮನ ಸಮ್ಯಕ್ತ್ವ, ಜ್ಞಾನ, ಚಾರಿತ್ರಗಳು ಮರೆಯಾಗುತ್ತವೆ. ಬಿಳುಪನ್ನು ಹೊರಗಿನಿಂದ ತಂದು ಬಳಿಯಬೇಕಿಲ್ಲ. ಕವಿದುದನ್ನು ಕಳೆದರೆ ಸಾಕು. ಅದೇ ಗ್ರಂಥ ಪುಣ್ಯಕರ್ಮವನ್ನು ಚಿನ್ನದ ಬೇಡಿಗೆ ಹೋಲಿಸುತ್ತದೆ. ಪಾಪದ ಕೊಳೆ ತೊಳೆಯಲು ಬಂದ ಶುಭವೂ ಕೊನೆಗೆ ಆತ್ಮಕ್ಕೆ ಅಂಟಿ ನಿಲ್ಲಬಾರದು. ಕೊಳೆಯೊಡನೆ ತಾನೂ ಹರಿದುಹೋದರೆ ಮಾತ್ರ ಡಿಟರ್ಜೆಂಟಿನ ಕೆಲಸ ಮುಗಿಯಿತು. ನೂಲಿನಲ್ಲಿ ಉಳಿದುಕೊಂಡರೆ ಅದೇ ಕೊಳೆ.

ವ್ರತಗಳನ್ನು ಬಸದಿಯಲ್ಲಿ ಸ್ವೀಕರಿಸುತ್ತಾರೆ, ಪಾಲಿಸುವುದು ಮನೆಯಲ್ಲಿ. ಮುಚ್ಚಳದ ಗೆರೆಯ ಬಳಿ ಕೈ ಒಂದು ಕ್ಷಣ ತಡೆದು ನಿಂತರೆ ಅಲ್ಲಿ ಪ್ರಮಾದ ಕಳೆದು ಯತ್ನಾಚಾರ ಮೊದಲಾಗುತ್ತದೆ. ಬೆಳಿಗ್ಗೆ ನೀರು ಸೋಸಿದ ಕೈಗೆ ಇದು ಕಷ್ಟದ ಪಾಠವೇನಲ್ಲ.