ಕೇಳುವ ಕಸುಬು: ಚೀನಾದ ಜನಾಂಗಶಾಸ್ತ್ರ

ಚೀನಾದಲ್ಲಿ ಜನಾಂಗಶಾಸ್ತ್ರಕ್ಕೆ ನೆಲೆ ಒದಗಿಸಿದವರು ಸಾಯ್ ಯುವಾನ್‌ಪೆಯಿ. 1926ರಲ್ಲಿ ಆ ಶಾಸ್ತ್ರದ ಕುರಿತು ಲೇಖನ ಬರೆದರು; 1928ರಲ್ಲಿ ಶುರುವಾದ ಅಕಾಡೆಮಿಯಾ ಸಿನಿಕಾದಲ್ಲಿ ಅದಕ್ಕೊಂದು ವಿಭಾಗ ತೆರೆಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, ಪ್ಯಾರಿಸ್‌ನಲ್ಲಿ ಓದಿಬಂದ ಲಿಂಗ್ ಚುನ್‌ಶೆಂಗ್ ಈಶಾನ್ಯದ ಸುಂಗಾರಿ ನದಿಯ ಕೆಳದಂಡೆಗೆ ಹೋಗಿ, ಮೀನು ಹಿಡಿದು ಬದುಕುವ ಹೆಝೆ ಜನರ ನಡುವೆ ಓಡಾಡುತ್ತಿದ್ದರು.

ಆದರೆ ಈ ಕಸುಬಿನ ಸೊಗಸು ತಿಳಿಯಬೇಕಾದರೆ ಫೆಯಿ ಷಿಯಾವೊಟೊಂಗ್ ಅವರನ್ನೇ ಹಿಂಬಾಲಿಸಬೇಕು. ಅವರು ಬೀಜಿಂಗಿನ ಯೆಂಚಿಂಗ್ ವಿಶ್ವವಿದ್ಯಾಲಯದಲ್ಲಿ ವು ವೆನ್‌ಝಾವೊ ಗರಡಿಯಲ್ಲಿ ಪಳಗಿದವರು. (1935ರಲ್ಲಿ ಅಲ್ಲಿ ಪಾಠ ಹೇಳಿದ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಮುಂದೆ ಆಕ್ಸ್‌ಫರ್ಡಿನಲ್ಲಿ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರಿಗೂ ಗುರುವಾದರು.) ಅದೇ ವರ್ಷ ಫೆಯಿ, ಹೊಸದಾಗಿ ಮದುವೆಯಾಗಿದ್ದ ವಾಂಗ್ ಟೊಂಗ್‌ಹುಯಿ ಜೊತೆ ಗುವಾಂಗ್‌ಷಿಯ ಯಾವೊ ಬೆಟ್ಟಗಳಿಗೆ ಹೋದರು. ಹುಲಿಗೆಂದು ಒಡ್ಡಿದ ಬೋನಿಗೆ ಫೆಯಿ ಸಿಕ್ಕಿಬಿದ್ದರು. ನೆರವು ಹುಡುಕಿ ಹೊರಟ ಹೆಂಡತಿ ಮರಳಲಿಲ್ಲ.

ಆ ಗಾಯದಿಂದ ಸುಧಾರಿಸಿಕೊಳ್ಳಲು 1936ರಲ್ಲಿ ಅವರು ಬಂದದ್ದು ತಾಯಿಹು ಸರೋವರದ ಬಳಿಯ ರೇಷ್ಮೆ ಊರು ಕೈಷಿಯಾಂಗೊಂಗ್‌ಗೆ. ಅಲ್ಲಿನ ಗದ್ದೆ ಯಾರದು ಎಂದು ಕೇಳಿದರೆ ಒಂದೇ ಹೆಸರು ಬರುತ್ತಿರಲಿಲ್ಲ. ಮೇಲ್ಮೈ ಉಳುವವನದು, ಒಳನೆಲ ಪೇಟೆಯಲ್ಲಿ ಕೂತ ಧಣಿಯದು. ಒಳನೆಲ ಕೈಯಿಂದ ಕೈಗೆ ಮಾರಾಟವಾದರೂ ಉಳುವವನು ಅಲ್ಲಾಡುತ್ತಿರಲಿಲ್ಲ. ಇದು ಸರ್ಕಾರಿ ಕಡತ ನೋಡಿದವರಿಗೆ ದಕ್ಕುವ ಮಾತಲ್ಲ, ಜಗಲಿಯಲ್ಲಿ ಕೂತು ಕೇಳಿದವರಿಗೆ ದಕ್ಕಿದ್ದು. ಲಂಡನ್ನಿನಲ್ಲಿ ಮಾನವಶಾಸ್ತ್ರಜ್ಞ ಮಲಿನೊವ್ಸ್ಕಿ ಕೈಕೆಳಗೆ ಇದೇ ಟಿಪ್ಪಣಿ ಪ್ರಬಂಧವಾಗಿ, 1939ರಲ್ಲಿ ಪುಸ್ತಕವಾಯಿತು.

ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ, 1952ರಲ್ಲಿ, ವಿಶ್ವವಿದ್ಯಾಲಯಗಳಿಂದ ಸಮಾಜಶಾಸ್ತ್ರವನ್ನೇ ತೆಗೆದುಹಾಕಿದರು. ಜನಾಂಗ ಅಧ್ಯಯನ ಉಳಿಯಿತು, ಸರ್ಕಾರಕ್ಕೆ ಅದರಿಂದ ಕೆಲಸವಿತ್ತು. 1953ರ ಜನಗಣತಿಯಲ್ಲಿ ಜನ ತಮ್ಮ ಜನಾಂಗವೆಂದು ಬರೆಸಿದ ಹೆಸರುಗಳು 400ಕ್ಕೂ ಹೆಚ್ಚು! ಮರುವರ್ಷ ಇವನ್ನು ವಿಂಗಡಿಸಲು ಲಿನ್ ಯಾವೊಹುವಾ ನೇತೃತ್ವದ ತಂಡ ಯುನಾನ್ ಪ್ರಾಂತಕ್ಕೆ ಹೋಯಿತು. ಭಾಷಾತಜ್ಞರೂ ಜೊತೆಗಿದ್ದರು. ಪದಗಳನ್ನು ಊರೂರಿನ ಬಾಯಲ್ಲಿ ಹೇಳಿಸಿ, ಬರೆದುಕೊಂಡು, ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬೇರೆ ಬೇರೆ ಹೆಸರಿನ ಎಷ್ಟೋ ಗುಂಪುಗಳು ಹೀಗೆ ಯೀ ಎಂಬ ಒಂದೇ ಜನಾಂಗದಡಿ ಸೇರಿದವು. ಆರೇ ತಿಂಗಳಲ್ಲಿ ಇಷ್ಟು ಕೆಲಸ ಮಾಡಿದ್ದು ಬೆರಗು. ಅಷ್ಟು ಅವಸರ ಬೇಕಿತ್ತೇ ಅನ್ನುವುದು ಬೇರೆ ಮಾತು.

1957ರಲ್ಲಿ ಫೆಯಿ 'ಬಲಪಂಥೀಯ'ರೆಂಬ ಹಣೆಪಟ್ಟಿ ಹೊತ್ತು ಮೂಲೆಗುಂಪಾದರು. ಸಮಾಜಶಾಸ್ತ್ರ ಮತ್ತೆ ತಲೆಯೆತ್ತಿದ್ದು 1979ರಲ್ಲಿ. ಅದೇ ವರ್ಷ ಯುನಾನಿನ ಜಿನೊ ಜನರಿಗೂ ಮನ್ನಣೆ ಸಿಕ್ಕಿ ಜನಾಂಗಗಳ ಪಟ್ಟಿ 56ಕ್ಕೆ ಮುಟ್ಟಿತು. ಗುಯಿಝೌ ಪ್ರಾಂತದ ಚುವಾನ್‌ಚಿಂಗ್ ಜನ ಮಾತ್ರ ಆಚೆಯೇ ಉಳಿದರು. ಅವರ ಹಳೆಯ ಆಡುನುಡಿಯ ಜಾಡು ಹಿಡಿದ ಫೆಯಿ, ಇವರು ಮಿಂಗ್ ಕಾಲದಲ್ಲಿ ವಲಸೆ ಬಂದ ಹಾನ್ ಜನರೇ ಎಂದು ತೀರ್ಮಾನಿಸಿದ್ದರು. ಅವರಲ್ಲಿ ಅನೇಕರು ಇದನ್ನು ಇಂದಿಗೂ ಒಪ್ಪಿಲ್ಲ. ಅವರ ಗುರುತಿನ ಚೀಟಿಯಲ್ಲಿ ಚುವಾನ್‌ಚಿಂಗ್ ಎಂದೇ ಇದೆ.