ಟಿಲ್ಲರ್ ಹಿಡಿಕೆ ಅಲುಗಾಡುತ್ತಿದೆಯೇ? ತಂತಿ ಸುತ್ತುವ ಮೊದಲು ಇದನ್ನು ನೋಡಿ

ಪವರ್ ಟಿಲ್ಲರ್ ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಬೆಳಿಗ್ಗೆ ಬಿಗಿದ ಹಿಡಿಕೆ ಬೋಲ್ಟು ಸಂಜೆಗೆ ಗಡಗಡ ಅನ್ನುತ್ತೆ. ಕ್ಲಚ್ ಲಿವರ್ ಜೋತು ಬೀಳುತ್ತೆ. ‘ಟಿಲ್ಲರ್ ಅಂದ್ಮೇಲೆ ಅಲುಗಾಡದೆ ಇರುತ್ತಾ’ ಅಂತ ನಾವು ತಂತಿ ಸುತ್ತಿ ಸುಮ್ಮನಾಗ್ತೀವಿ.

ಸುಮ್ಮನಾಗುವ ವಿಷಯ ಅಲ್ಲ ಇದು. ಹೆಮ್ಮಿಗೆಯಲ್ಲಿ ನನ್ನಂತೆ ಮಳೆ ನಂಬಿದವರಿಗೆ ರಾಗಿ ಹೊಲದ ಹದ ಸಿಗೋದು ಎರಡು ಮೂರು ದಿನ. ಆ ದಿನವೇ ಲಿವರ್ ಪಿನ್ನು ಕಳಚಿ ಟಿಲ್ಲರ್ ನಿಂತರೆ ಬಿತ್ತನೆ ಹಿಂದೆ ಬೀಳುತ್ತೆ. ಇನ್ನೊಂದು, ಜೀವದ ಪ್ರಶ್ನೆ. ಬಾವಿ ಅಂಚಿನಲ್ಲಿ, ನಾಲೆ ಏರಿ ಮೇಲೆ ಕ್ಲಚ್ ಬಿಡದಿದ್ದರೆ ಟಿಲ್ಲರ್ ನಮ್ಮ ಮಾತು ಕೇಳಲ್ಲ.

ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾಯಿತು. ಕೇರಳದ ಕ್ಯಾಮ್ಕೋ 1973ರಲ್ಲಿ ಬಂತು. ಯಾವ ಹೆಸರಿನ ಟಿಲ್ಲರ್ ಆದರೂ ಸರಿ, ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಅದುರೋದು ಅದರ ಸ್ವಭಾವ. ಮಲ್ಪೆ, ಮಂಗಳೂರು ಕಡೆ ಸಣ್ಣ ಮೀನು ದೋಣಿಗೆ ಹಿಂದೆ ಕಟ್ಟುವ ಎಂಜಿನ್ನಿನ ಹಿಡಿಕೆಗೂ ಇದೇ ಪಾಡು. ಅಂಥ ಹಿಡಿಕೆಗೂ ಇಂಗ್ಲಿಷಿನಲ್ಲಿ ಟಿಲ್ಲರ್ ಅಂತಲೇ ಹೆಸರು! ನಮ್ಮ ಹೊಳೆಯ ಹರಿಗೋಲಿಗೆ ಮಾತ್ರ ನಟ್ಟೂ ಇಲ್ಲ, ಬೋಲ್ಟೂ ಇಲ್ಲ, ಈ ಚಿಂತೆಯೂ ಇಲ್ಲ.

ನಟ್ಟು ಯಾಕೆ ಬಿಚ್ಚುತ್ತೆ?

ಬೋಲ್ಟನ್ನು ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ. ಎಳೆದ ರಬ್ಬರಿನ ಥರ ವಾಪಸ್ ಬರಲು ನೋಡುತ್ತೆ. ಆ ಎಳೆತವೇ ಎರಡು ಪಟ್ಟಿಗಳನ್ನು ಅವುಚಿ ಹಿಡಿಯೋದು. ಎಳೆತ ಸಾಲದಿದ್ದರೆ ಪಟ್ಟಿಗಳು ಅಡ್ಡಡ್ಡ ಜಾರುತ್ತವೆ. ಒಂದೊಂದು ಜಾರಿಗೂ ನಟ್ಟು ಕೂದಲೆಳೆಯಷ್ಟು ತಿರುಗುತ್ತೆ. ಇದನ್ನು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಅನ್ನುವ ಎಂಜಿನಿಯರ್ ಯಂತ್ರ ಕಟ್ಟಿ ತೋರಿಸಿದರು.

ಇದರಿಂದ ನಮಗೆ ತಿಳಿಯೋದು ಏನಂದ್ರೆ, ಸ್ಪ್ರಿಂಗ್ ವಾಷರ್ ಹಾಕಿದೀನಿ ಅಂತ ಧೈರ್ಯ ಮಾಡಬಾರದು. ಬಿಗಿದ ಮೇಲೆ ಅದು ಚಪ್ಪಟೆಯಾಗಿ ಸಾದಾ ವಾಷರ್ ಥರವೇ ಆಗುತ್ತೆ.

ಮೊದಲು ನೋಡಬೇಕಾದ್ದು

ಎಂಜಿನ್ ಆಫ್ ಮಾಡಿ. ಕೆಸರು ತೊಳೆದು ಹಿಡಿಕೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಯಾವ ಜಾಗದಲ್ಲಿ ಆಡುತ್ತಿದೆ ಅಂತ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತೆ.

* ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಎಷ್ಟು ಬಿಗಿದರೂ ನಿಲ್ಲಲ್ಲ. ವೆಲ್ಡಿಂಗ್ ತುಂಬಿಸಿ ಹೊಸ ತೂತು ಕೊರೆಸಬೇಕು, ಇಲ್ಲವೇ ಬುಷ್ ಹಾಕಿಸಬೇಕು.
* ವೆಲ್ಡಿಂಗ್ ಹತ್ತಿರ ಬಣ್ಣ ಬಿರಿದು ತುಕ್ಕಿನ ಗೆರೆ ಕಂಡರೆ ಒಳಗೆ ಸೀಳು ಬಿಟ್ಟಿದೆ ಅಂತ ಅನುಮಾನ ಪಡಿ.
* ನಟ್ಟು ಕೈಯಲ್ಲಿ ಸಲೀಸಾಗಿ ತಿರುಗದೆ ನಡುವೆ ಸಿಕ್ಕಿಕೊಂಡರೆ ಮರೆ ಕೆಟ್ಟಿರಬಹುದು, ಬೋಲ್ಟು ಎಳೆದಿರಬಹುದು. ಗುಜರಿಗೆ ಹಾಕಿ. ಹೊಸದು ತರುವಾಗ ತಲೆ ಮೇಲೆ 8.8 ಅಂತ ಅಚ್ಚಿರೋದನ್ನೇ ಕೇಳಿ.
* ಎಂಜಿನ್ ಕೂರಿಸಿದ ಬೋಲ್ಟುಗಳು ಸಡಿಲವೇ? ರೋಟರಿಯ ಬ್ಲೇಡು ಒಂದು ಮುರಿದಿದೆಯೇ, ಎಡದ್ದು ಬಲಕ್ಕೆ ಸೇರಿದೆಯೇ? ಅದುರು ಹೆಚ್ಚಾಗೋದು ಇಂಥ ಕಡೆಯಿಂದ. ಮೂಲ ಬಿಟ್ಟು ಹಿಡಿಕೆ ಬಿಗಿದರೆ ನಾಳೆ ಮತ್ತೆ ಅದೇ ಕೆಲಸ.

ಬಿಗಿಯುವ ಬಗೆ

ಅಲುಗದೆ ನಿಲ್ಲಬೇಕಾದ ಜಾಗಕ್ಕೆ, ಅಂದ್ರೆ ಹಿಡಿಕೆಯ ಬುಡಕ್ಕೆ, ಎರಡು ನಟ್ಟಿನ ಉಪಾಯ ಒಳ್ಳೆಯದು. ತೆಳು ನಟ್ಟು ಮೊದಲು, ದಪ್ಪ ನಟ್ಟು ಅದರ ಮೇಲೆ. ತುಂಬ ಜನ ತಿರುಗಾಮುರುಗಾ ಹಾಕ್ತಾರೆ. ತೆಳು ನಟ್ಟನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು ದಪ್ಪದ್ದನ್ನು ಪೂರ್ತಿ ಬಿಗಿಯಿರಿ. ಸ್ಪ್ಯಾನರಿಗೆ ಪೈಪು ಸೇರಿಸಿ ಎಳೆಯಬೇಡಿ, ಬೋಲ್ಟು ಕತ್ತರಿಸುತ್ತೆ.

ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಇನ್ನೂ ಸುಲಭ. ಆದರೆ ಸೈಲೆನ್ಸರ್ ಹತ್ತಿರ ಬೇಡ, ಬಿಸಿಗೆ ನೈಲಾನ್ ಕೆಡುತ್ತೆ. ಬಳೆ ದಾಟಿದ ಮೇಲೂ ಬರಿಗೈಯಲ್ಲಿ ತಿರುಗಿದರೆ ಅದರ ಆಯುಸ್ಸು ಮುಗಿಯಿತು. ಬೋಲ್ಟಿಗೆ ಹಚ್ಚುವ ನೀಲಿ ಅಂಟೂ ಸಿಗುತ್ತೆ. ಹಚ್ಚುವ ಮೊದಲು ಎಣ್ಣೆ ಜಿಡ್ಡು ಪೂರ್ತಿ ಹೋಗಬೇಕು. ಕೆಂಪು ಬಣ್ಣದ ಅಂಟು ಬೇಡ, ಮತ್ತೆ ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತೆ.

ಲಿವರ್ ತಿರುಗುವ ಕೀಲಿನ ಲೆಕ್ಕ ಬೇರೆ. ಅದನ್ನು ಒತ್ತಿ ಬಿಗಿದರೆ ಲಿವರ್ ಆಡಲ್ಲ, ಸಿಕ್ಕಿಕೊಳ್ಳುತ್ತೆ. ಅಲ್ಲಿ ಪಿನ್ನು ಸಲೀಸಾಗಿ ತಿರುಗಬೇಕು, ಆದರೆ ಕಳಚಬಾರದು. ಅದಕ್ಕೇ ಸ್ಪ್ಲಿಟ್ ಪಿನ್ನು ಇರೋದು. ಅದರ ಬದಲು ಮೊಳೆ ಬಗ್ಗಿಸಿ ಹಾಕಿದರೆ ಅದುರಿಗೆ ಪಟ್ಟಂತ ಮುರಿಯುತ್ತೆ. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸಬೇಡಿ.

ಸೈಡ್ ಕ್ಲಚ್ ಪರೀಕ್ಷೆ

ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಓಡಿಸಿ. ಎಡದ್ದು ಹಿಡಿದರೆ ತಕ್ಷಣ ಎಡಕ್ಕೆ ತಿರುಗಬೇಕು. ತಡವಾದರೆ ಕೇಬಲ್ ಅಥವಾ ಸರಳು ಸಡಿಲ. ಲಾಕ್ ನಟ್ಟು ಬಿಚ್ಚಿ ಸ್ವಲ್ಪ ಎಳೆತ ಕೊಟ್ಟು ಮತ್ತೆ ಲಾಕ್ ಮಾಡಿ. ಅತಿ ಬಿಗಿಯೂ ಬೇಡ. ಲಿವರಿಗೆ ಒಂಚೂರು ಆಟ ಇರಲೇಬೇಕು, ಇಲ್ಲದಿದ್ದರೆ ಒಳಗಿನ ಹಲ್ಲು ಪೂರ್ತಿ ಕಚ್ಚದೆ ಸವೆಯುತ್ತೆ. ಎಷ್ಟು ಆಟ ಅನ್ನೋದು ಟಿಲ್ಲರ್ ಜೊತೆ ಬಂದ ಪುಸ್ತಕದಲ್ಲಿರುತ್ತೆ.

ಮಕ್ಕಳಿಗೂ, ಹೊಸದಾಗಿ ಓಡಿಸುವವರಿಗೂ ಇದೊಂದು ಹೇಳಿಕೊಡಿ. ಇಳಿಜಾರಿನಲ್ಲಿ ಎಡದ ಸೈಡ್ ಕ್ಲಚ್ ಹಿಡಿದರೆ ಟಿಲ್ಲರ್ ಬಲಕ್ಕೆ ತಿರುಗುತ್ತೆ. ಎಂಜಿನ್ ತಡೆ ತಪ್ಪಿದ ಎಡಗಾಲಿ ಜೋರಾಗಿ ಉರುಳೋದೇ ಕಾರಣ. ಟ್ರೈಲರ್ ಕಟ್ಟಿ ಇಳಿಯುವಾಗಂತೂ ಸೈಡ್ ಕ್ಲಚ್ ಮುಟ್ಟಲೇಬಾರದು.

ದಿನಾ ಎರಡು ನಿಮಿಷ

ಬಿಗಿದ ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಅಂತಲೇ ಅರ್ಥ. ಬೆಳಿಗ್ಗೆ ಡೀಸೆಲ್ ನೋಡುವಾಗಲೇ ಒಂದು ಸುತ್ತು ಕಣ್ಣಾಡಿಸಿದರೆ ಸಾಕು. ಹೊಸದಾಗಿ ಹಾಕಿದ ಬೋಲ್ಟನ್ನು ಮೊದಲ ಒಂದು ಗಂಟೆ ಕೆಲಸ ಆದಮೇಲೆ ಮತ್ತೊಮ್ಮೆ ಬಿಗಿಯಿರಿ.

ಟೂಲ್ ಡಬ್ಬಿಯಲ್ಲಿ 13, 17, 19ರ ಸ್ಪ್ಯಾನರು, ಕಟಿಂಗ್ ಪ್ಲೇಯರ್, ನಾಲ್ಕಾರು ನೈಲಾಕ್ ನಟ್ಟು, ಒಂದು ಹಿಡಿ ಸ್ಪ್ಲಿಟ್ ಪಿನ್ನು ಸದಾ ಇರಲಿ.

ಹಿಡಿಕೆ ಗಟ್ಟಿಯಾದರೆ ಮೈಗೂ ಲಾಭ. ವರ್ಷಗಟ್ಟಲೆ ಅದುರು ತಿಂದ ಕೈಗೆ ಜೋಮು ಹಿಡಿಯುತ್ತೆ, ಬೆರಳಿನ ನರ, ರಕ್ತನಾಳ ಎರಡೂ ಕೆಡುತ್ತವೆ. ಹಿಡಿಕೆಯ ರಬ್ಬರ್ ಹರಿದಿದ್ದರೆ ಬದಲಿಸಿ, ನಡುನಡುವೆ ಕೈಗೆ ಬಿಡುವು ಕೊಡಿ.

ನಿಮ್ಮ ಕಡೆ ಇದಕ್ಕಿಂತ ಸುಲಭದ ಉಪಾಯ ಇದ್ದರೆ ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಯೋಗವಾಗಲಿ.